ಮರಿಗೆಗೆ ಇಳಿಯುವ ಮುನ್ನ

ಆ ಬೆಳಿಗ್ಗೆ ಮರಿಗೆಯ ಸುತ್ತ ಇದ್ದವರು ಯಾರೆಂದು ಮೊದಲು ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಅತ್ತೆ, ನಾವೆಲ್ಲ ಮಾಂಯ್ ಎಂದು ಕರೆಯುವವರು. ಕೈಯಲ್ಲಿ ನೀರಿನ ಪೈಪು ಹಿಡಿದ ನನ್ನ ಗಂಡ ಸಿರಿಲ್. ಬೇವಿನ ಮರದ ಕೆಳಗೆ ತಲೆ ತುಂಬ ಸೆರಗು ಹೊದ್ದು ನಿಂತ ಕೊಟ್ರಮ್ಮ, ಆಕೆಯ ಹಿಂದೆ ಆಕೆ ಹೊಸಹಳ್ಳಿಯಿಂದ ದ್ರಾಕ್ಷಿ ಕೊಯ್ಯಲು ಕರೆತಂದ ಹೆಂಗಸರು. ನಡುವೆ ನಾನು.

ಕಾಲು ತಿಕ್ಕಿ ತೊಳೆದು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಮರಿಗೆಗೆ ಇಳಿದೆ. ಕಪ್ಪು ದ್ರಾಕ್ಷಿ ಬೆರಳಿನ ಸಂದಿಯಲ್ಲಿ ಒಡೆದು ತಣ್ಣನೆಯ ರಸ ಹಿಮ್ಮಡಿ ಮುಳುಗಿಸಿತು. ಮಾಂಯ್ ಪ್ರತಿ ವರ್ಷದ ಕಥೆ ತೆಗೆದರು. ಇಟಲಿಯ ಪಾದ್ರಿಯೊಬ್ಬರು ಇದೇ ರೀತಿ ತುಳಿಯುವಾಗ ಜಾರಿ ಕೂತದ್ದು, ನಿಲುವಂಗಿಯ ಹಿಂಭಾಗ ನೇರಳೆ ಬಣ್ಣವಾದದ್ದು, ಅದು ಗೊತ್ತಾಗದೆ ಹಾಗೆಯೇ ಪೂಜೆಗೆ ಹೋಗಿ ಜನರಿಗೆ ಬೆನ್ನು ಮಾಡಿ ನಿಂತದ್ದು. ಸಿರಿಲ್ ನಕ್ಕ, ನಾನೂ ನಗುತ್ತಾ ತುಳಿದೆ.

ಬೇವಿನ ಕೆಳಗೆ ಯಾರೂ ನಗಲಿಲ್ಲ. ಒಬ್ಬಳು ಬಾಯಿಗೆ ಸೆರಗು ಹಿಡಿದಳು. ಕೊಟ್ರಮ್ಮ ಕತ್ತರಿಯನ್ನು ಬುಟ್ಟಿಯಲ್ಲಿಟ್ಟು, "ನಾವು ಬರ್ತೀವ್ರಿ," ಎಂದು ಸಣ್ಣಗೆ ಹೇಳಿ ನಡೆದಳು. ಉಳಿದವರು ಬುತ್ತಿ ಗಂಟು ಎತ್ತಿಕೊಂಡು ಆಕೆಯ ಹಿಂದೆ ಹೋದರು. ಮಣ್ಣಿನ ದಾರಿಯಲ್ಲಿ ಸೀರೆಗಳ ಸಾಲು ಸಣ್ಣದಾಗುತ್ತಾ ಹೋಯಿತು. ನಾನು ಮೊಣಕಾಲಿನವರೆಗೆ ಕೆಂಪಾಗಿ ಮರಿಗೆಯಲ್ಲಿ ನಿಂತೇ ಇದ್ದೆ.

ಕರಾವಳಿಯ ನನ್ನ ಊರಿನವರೇ, ನೀವು ಫೋನಿನಲ್ಲಿ ಕೇಳುವ ಪ್ರಶ್ನೆ ಒಂದೇ: ಅಲ್ಲಿ ಎಂತ ಉಂಟು ಅಂತ ಹೋದದ್ದು ನೀವು? ಮರಿಗೆಯ ಕಥೆ ಹೇಳಿದರೆ ಅದಕ್ಕೂ ಅರ್ಧ ಉತ್ತರ ಸಿಗುತ್ತದೆ.

ಮರಿಗೆ ಎಂದರೆ ನಿಮಗೆ ಗೊತ್ತು, ಮರ ತೋಡಿ ಮಾಡಿದ ದೊಡ್ಡ ಪಾತ್ರೆ. ನಮ್ಮದು ಹಲಸಿನದ್ದು. ಮಾಂಯ್ ಅವರ ಅಪ್ಪ ಹುಡುಗನಾಗಿದ್ದಾಗ ಆ ಪಾದ್ರಿಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದು ದ್ರಾಕ್ಷಾರಸ ಮಾಡುವುದನ್ನು ಕಲಿತವರು. ತುಳಿಯಲು ಪಾದ್ರಿಯ ಊರಿನಲ್ಲಿ ಇದ್ದಂಥದ್ದೇ ಬೇಕೆಂದು ಬಡಗಿಯಿಂದ ಮಾಡಿಸಿದ್ದು ಈ ಮರಿಗೆ. ಕರಾವಳಿಯ ಮಳೆಗೆ ದ್ರಾಕ್ಷಿ ಬೆಳೆಯುವುದಿಲ್ಲ, ಹಾಗಾಗಿ ನಮ್ಮ ಮನೆಯಲ್ಲಿ ಸಂತೆಯ ದ್ರಾಕ್ಷಿ ತಂದು ಕ್ರಿಸ್ಮಸ್ಸಿಗೆ, ಮದುವೆಗೆ ಮಾಡುತ್ತಿದ್ದರು. ಕೃಷಿ ಓದಿದ ಸಿರಿಲ್‌ಗೆ ಬೇರೆಯವರು ಔಷಧಿ ಹೊಡೆದು ಬೆಳೆದ ಹಣ್ಣನ್ನು ತುಳಿಯುವುದು ಬೇಡವೆನಿಸಿತು. ಒಣ ಗಾಳಿ, ಕೆಂಪು ಮಣ್ಣು ಹುಡುಕುತ್ತಾ ಕೂಡ್ಲಿಗಿ ತಾಲ್ಲೂಕಿಗೆ ಬಂದ. ಹೊಸಹಳ್ಳಿಯಿಂದ ಸ್ವಲ್ಪ ದೂರದಲ್ಲಿ ಹೊಲ ಸಿಕ್ಕಿತು, ಓಡಾಡಿ ಓಡಾಡಿ ದ್ರಾಕ್ಷಾರಸ ಮಾಡಿ ಮಾರುವ ಪರವಾನಗಿಯೂ ಸಿಕ್ಕಿತು. ಲಾರಿಯಲ್ಲಿ ಮರಿಗೆ ಬಂತು, ಭರಣಿಗಳು ಬಂದವು, ನಾನು ಬಂದೆ. ಕಡೆಗೆ, ಮರಿಗೆ ಹೋದ ಕಡೆ ತಾನೂ ಎಂದು ಮಾಂಯ್ ಬಂದರು.

ಮೊದಲ ಕಷ್ಟ ಮನೆ. ಕೊಟ್ಟೂರಿನಲ್ಲಿ ಬಾಡಿಗೆಗೆ ಕೇಳಿದಲ್ಲೆಲ್ಲ ಚಹಾ ಕೊಟ್ಟು, ಮಂಡಕ್ಕಿ ಒಗ್ಗರಣೆ ಮಿರ್ಚಿ ಕೊಟ್ಟು, ಆಮೇಲೆ ಮೆಲ್ಲಗೆ ಮೀನಿನ ವಿಷಯ ಕೇಳುತ್ತಿದ್ದರು. ನಾವು ಸುಳ್ಳು ಹೇಳಲಿಲ್ಲ, ಅವರು ಬೇಜಾರು ಮಾಡಲಿಲ್ಲ, ಮನೆ ಮಾತ್ರ ಸಿಗಲಿಲ್ಲ. ಹಾಗಾಗಿ ಹೊಲದಲ್ಲೇ ಚಪ್ಪಡಿ ಕಲ್ಲು ಹೊದಿಸಿದ ಎರಡು ಕೋಣೆ ಎಬ್ಬಿಸಿಕೊಂಡೆವು. ಎದುರು ಗುಡ್ಡದ ಮೇಲೆ ಗಾಳಿಯಂತ್ರಗಳು. ಅವು ತಿರುಗುವ ಸದ್ದು ನನಗೆ ಮೊದಮೊದಲು ಸಮುದ್ರದ ಹಾಗೆ ಕೇಳುತ್ತಿತ್ತು. ಅರ್ಧ ನಿದ್ದೆಯಲ್ಲಿ ಅದನ್ನು ನಂಬುತ್ತಿದ್ದೆ, ಪೂರ್ತಿ ಎಚ್ಚರವಾದ ಮೇಲೆ ಸಿಟ್ಟು ಬರುತ್ತಿತ್ತು.

ಊರಿನಲ್ಲಿ ನಮ್ಮ ಆಯುಷ್ಯವೆಲ್ಲ ಅಂಗಳದ ನೀರನ್ನು ಹೊರಗೆ ಹರಿಸುವುದರಲ್ಲೇ ಹೋಗುತ್ತದಲ್ಲ, ಇಲ್ಲಿ ನಿಲ್ಲಿಸುವುದೇ ಕೆಲಸ. ಹೊಲದ ತಗ್ಗಿನಲ್ಲಿ ಹೊಂಡ, ಇಳಿಜಾರಿಗೆ ಅಡ್ಡ ಬದು, ಬಳ್ಳಿಯ ಬುಡಕ್ಕೆ ಜೋಳದ ದಂಟು, ಶೇಂಗಾ ಸಿಪ್ಪೆಯ ಹೊದಿಕೆ. ಸಾಲುಗಳ ನಡುವೆ ಹುರುಳಿ. ಗೊಬ್ಬರಕ್ಕೆ ಮೈಲಪ್ಪನ ಕುರಿಗಳು. ಕೊಯ್ಲು ಮುಗಿದ ಹೊಲದಲ್ಲಿ ಕುರಿ ಹಿಂಡನ್ನು ಕೆಲವು ರಾತ್ರಿ ನಿಲ್ಲಿಸಿದರೆ ಹಿಕ್ಕೆಯೂ ಗಂಜಲವೂ ಅಲ್ಲೇ ಮಣ್ಣಿಗಿಳಿಯುತ್ತವೆ. ಕುರಿ ನಿಲ್ಲಿಸುವುದು ಎನ್ನುತ್ತಾರೆ ಇದಕ್ಕೆ. ಮೈಲಪ್ಪನಿಗೆ ಜೋಳ, ಊಟ, ಚಹಾ ಕೊಡಬೇಕು, ಜೊತೆಗೆ ಅವನ ಮಾತು ಕೇಳಬೇಕು. ಮೊದಲ ಸಲ ನನ್ನ ಮಾತು ಕೇಳಿದವನೇ, "ಅಮ್ಮಾರ, ನೀವು ಪುಸ್ತಕ ಓದಿದಂಗ ಮಾತಾಡ್ತೀರಿ, ಒಂದ್ಸಲ ಬೈರಿ ನೋಡೋಣ," ಎಂದ. ಬೈಯಲು ಬರಲಿಲ್ಲ. ಈಗ ಬರುತ್ತದೆ.

ಮಾತು ಕಲಿತದ್ದು ಕೊಟ್ರಮ್ಮನಿಂದ. ನಮ್ಮ ಹೊಲದ ಆಚೆ ಬದಿಗೆ ಅವರ ಹೊಲ. ವಿಭೂತಿ ಹಚ್ಚದೆ ಹೊಸ್ತಿಲು ದಾಟದ ಹೆಂಗಸು, ಊರಿನ ಅರ್ಧ ಹೆಂಗಸರು ಆಕೆಯ ಮಾತು ಮೀರುವುದಿಲ್ಲ. ಚಿಕ್ಕಂದಿನಲ್ಲಿ ಅಜ್ಜನ ತೊಡೆಯ ಮೇಲೆ ನಾನು ಕಲಿತ ಕನ್ನಡದಲ್ಲಿ ಎಲ್ಲವೂ 'ಉಂಟು'. ಆಕೆಯ ಕನ್ನಡದಲ್ಲಿ ಎಲ್ಲವೂ 'ಐತಿ'. ಆಕೆ ನನಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳು, ನಾನು ಆಕೆಗೆ ನೀರುದೋಸೆ ಹೊಯ್ಯುವುದನ್ನು. ನನ್ನ ರೊಟ್ಟಿ ಹರಿಯದೆ ಹಂಚಿಗೆ ಬಿದ್ದ ದಿನ ಆಕೆ ಅದರ ಮೇಲೆ ಬೆಣ್ಣೆ ಇಟ್ಟು ತಾನೇ ತಿಂದಳು. ಪರದೇಶದಲ್ಲಿ ಅಂಥ ದಿನ ಹಬ್ಬವೇ. ಮಾಂಯ್ ಮಾತ್ರ ಬಸ್ಸಿನಲ್ಲಿ ತರಿಸಿದ ಕುಚ್ಚಲಕ್ಕಿ ಬಿಡಲಿಲ್ಲ. ಹಗರಿಬೊಮ್ಮನಹಳ್ಳಿ ಕಡೆಯಿಂದ ಬರುವ ಜಲಾಶಯದ ಮೀನು ತಂದರೆ, ಮಣ್ಣು ತಿಂದ ಹಾಗಾಗುತ್ತದೆ ಎಂದು ತಟ್ಟೆ ಸರಿಸುತ್ತಿದ್ದರು. ಅವರು ಇಲ್ಲಿ ಒಪ್ಪಿಕೊಂಡದ್ದು ಒಂದನ್ನೇ, ಹಡಗಲಿಯ ಮಲ್ಲಿಗೆಯನ್ನು. ಅದನ್ನೂ, ನಮ್ಮ ಉಡುಪಿಯದಕ್ಕಿಂತ ಸ್ವಲ್ಪ ಕಡಿಮೆ, ಎಂದು ಹೇಳಿಯೇ ಮುಡಿಯುತ್ತಿದ್ದರು.

ನನ್ನ ಸೂಟ್‌ಕೇಸ್ ಅಲಮಾರಿನ ಮೇಲೆ ಅರ್ಧ ತುಂಬಿಯೇ ಇರುತ್ತಿತ್ತು. ಬೆಳಿಗ್ಗೆ ಎದ್ದರೆ ಮೊದಲು ಫೋನಿನಲ್ಲಿ ಮಂಗಳೂರಿನ ಹವಾಮಾನ ನೋಡುತ್ತಿದ್ದೆ, ಅಲ್ಲಿ ಬಟ್ಟೆ ಒಣಹಾಕಿದವಳ ಹಾಗೆ. ಸಂಜೆ ತೋಟದ ಬೇಲಿಯುದ್ದಕ್ಕೂ ಸುಮ್ಮನೆ ಸುತ್ತು ಹೊಡೆಯುತ್ತಿದ್ದೆ. ಯಾರಾದರೂ ಕೇಳಿದರೆ ಕರಡಿ ಬಂದಿದೆಯೇ ನೋಡಲು ಎನ್ನುತ್ತಿದ್ದೆ. ಹಣ್ಣಾಗುವ ಕಾಲಕ್ಕೆ ಗುಡ್ಡದ ಕರಡಿ ಬರುವುದು ನಿಜವೇ. ಆದರೆ ನನ್ನ ಕಾಲಿಗೆ ಕರಡಿಯ ನೆಪವೂ ಬೇಕಿರಲಿಲ್ಲ.

ಇನ್ನು ಆ ಬೆಳಗಿಗೆ ಬರುತ್ತೇನೆ.

ನಾವು ಮಾಡುವ ರೀತಿ ಹೀಗೆ. ಕೊಯ್ಲಿನ ಮೊದಲ ದಿನ ಕೆಲವು ಬುಟ್ಟಿ ಹಣ್ಣು ಮಾತ್ರ ಕಿತ್ತು ಮರಿಗೆಯಲ್ಲಿ ತುಳಿದು ಒಂದು ಭರಣಿಗೆ ಹಾಕುತ್ತೇವೆ. ಹಣ್ಣಿನ ಸಿಪ್ಪೆಯ ಮೇಲೇ ಇರುವ ಬೂದಿಯಂಥದ್ದು ಅದನ್ನು ತಾನಾಗಿ ಹುದುಗಿಸುತ್ತದೆ, ಪೊಟ್ಟಣದ ಯೀಸ್ಟ್ ಬೇಕಾಗುವುದಿಲ್ಲ. ಮೂರ್ನಾಲ್ಕು ದಿನದಲ್ಲಿ ಅದು ಬುರುಗೆದ್ದಾಗ ಉಳಿದ ತೋಟವನ್ನೆಲ್ಲ ಕೊಯ್ದು, ಯಂತ್ರದಲ್ಲಿ ಒಡೆದು, ದೊಡ್ಡ ತೊಟ್ಟಿಗಳಿಗೆ ತುಂಬಿ, ಆ ಭರಣಿಯನ್ನು ಹಂಚುತ್ತೇವೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಈ ತುಳಿದ ಹೆಪ್ಪು ಮಾಂಯ್ ಅವರ ಅಪ್ಪನಿಂದ ಬಂದ ಕ್ರಮ. ಅದೊಂದನ್ನು ಬಿಟ್ಟರೆ ಉಳಿದದ್ದು ಬರೀ ಕಾರ್ಖಾನೆ ಎನ್ನುತ್ತಾರೆ ಅವರು. ಮೊದಲ ಎರಡು ವರ್ಷ ಬಳ್ಳಿ ಎಳೆಯದು, ಮನೆಯವರೇ ಕೊಯ್ದು ಮುಗಿಸಿದ್ದೆವು. ಪೂರ್ತಿ ಫಸಲು ಬಂದದ್ದು ಆ ವರ್ಷವೇ.

ಈಗ ಹೆಪ್ಪು ಭರಣಿಯಲ್ಲಿತ್ತು, ಹಣ್ಣು ಬಳ್ಳಿಯಲ್ಲಿತ್ತು, ಕೊಯ್ಯುವವರು ಹೊರಟುಹೋಗಿದ್ದರು. ಹೆಪ್ಪು ಕಾಯುವುದಿಲ್ಲ, ರಸ ಸೇರದಿದ್ದರೆ ಹುಳಿಯಾಗಿ ಹೋಗುತ್ತದೆ. ಬಿಸಿಲು ಏರುತ್ತಿತ್ತು, ಹಣ್ಣೂ ಕಾಯುವುದಿಲ್ಲ. ಜೋಳದ ಕೊಯ್ಲಿನ ಕಾಲ, ಬೇರೆ ಕಡೆ ಒಬ್ಬ ಆಳೂ ಸಿಗುವಂತಿರಲಿಲ್ಲ.

ಸಿರಿಲ್ ಆಳು ಹುಡುಕುತ್ತಾ ಇಟ್ಟಿಗಿಯವರೆಗೂ ಬೈಕಿನಲ್ಲಿ ಹೋಗಿ ಬಂದ. ಹರಪನಹಳ್ಳಿಯ ಒಬ್ಬ ಹಣ್ಣಿನ ವ್ಯಾಪಾರಿ ತಾನೇ ಆಳು ತಂದು ಪೂರ್ತಿ ತೋಟ ಕೊಯ್ದುಕೊಳ್ಳುವುದಾಗಿ ಹೇಳಿದನಂತೆ. ಆಮೇಲೆ ನಮಗೆ ಉಳಿಯುವುದು ಖಾಲಿ ಬಳ್ಳಿ. ಇದನ್ನು ಕೇಳಿದ ಮಾಂಯ್ ಮರಿಗೆಯ ಕಡೆ ನೋಡಿದರು. ಆಮೇಲೆ, "ಕೊಡು ಮಗಾ. ಆದರೆ ಮರಿಗೆಯನ್ನು ಊರಿಗೆ ಕಳಿಸು, ಅದೇ ಲಾರಿಯಲ್ಲಿ ನನ್ನನ್ನೂ ಕಳಿಸು," ಎಂದರು. ಸಿಟ್ಟಿರಲಿಲ್ಲ ಅದರಲ್ಲಿ. ಸಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು.

ಮರುದಿನವೂ ಯಾರೂ ಬರಲಿಲ್ಲ. ಮೈಲಪ್ಪ ಬಂದ. ಊರಲ್ಲಿ ಎಂತ ಹೇಳುತ್ತಾರೆ ಎಂದು ಕೇಳಿದೆ. ಸೆರೆ ಅಂದರೆ ಮದ್ಯ, ಸೆರೆಯ ತೋಟಕ್ಕೆ ಹೆಂಗಸರು ಹೋಗಬಾರದು ಎಂದು ಗಂಡಸರು ಹೇಳಿರಬೇಕು ಎಂದೇ ನಾನು ತಿಳಿದದ್ದು. ಮೈಲಪ್ಪ ನಕ್ಕ. "ಅದನ್ನ ಹೇಳೋ ಗಂಡಸರು ಸಂಜೀಕ ಎಲ್ಲಿರ್ತಾರಂತ ಆ ಹೆಂಗಸ್ರಿಗೆ ಗೊತ್ತಿಲ್ಲೇನ್ರಿ? ಸೆರಿದಲ್ಲ ಅದು. ಕೊಟ್ರಮ್ಮನ್ನ ಕೇಳ್ರಿ, ನನ್ನ ಯಾಕ ಕೇಳ್ತೀರಿ." ಅಷ್ಟು ಹೇಳಿ ಕುರಿಗಳ ಕಡೆ ಹೊರಟುಹೋದ.

ಒಳಗೆ ಭರಣಿಗೆ ಕಿವಿಯಿಟ್ಟೆ. ಮಳೆಗಾಲದ ಮೊದಲ ದಿನ ಗದ್ದೆಯಲ್ಲಿ ಏಡಿಗಳು ಮಾಡುವ ಸಣ್ಣ ಗುಳುಗುಳು ಇರುತ್ತದಲ್ಲ, ಹಾಗೆ ಕೇಳುತ್ತಿತ್ತು. ಹೆಪ್ಪು ಎದ್ದಿತ್ತು. ನಾನು ಚಪ್ಪಲಿ ಮೆಟ್ಟಿ ಹೊಸಹಳ್ಳಿಗೆ ಹೊರಟೆ.

ಕೊಟ್ರಮ್ಮ ಒಲೆಯ ಮುಂದಿದ್ದಳು. "ಬಾ ತಂಗಿ, ಕುಂದ್ರು," ಎಂದು ಮಣೆ ತಳ್ಳಿದಳು. ಎಂದಿನ ದನಿಯೇ. ರೊಟ್ಟಿಯ ಬಡಿತ ನಿಲ್ಲಿಸಲಿಲ್ಲ. ನಾನು ಸೆರೆಯ ಮಾತಿನಿಂದಲೇ ಶುರುಮಾಡಿದೆ, ಇದು ಅಂಥದ್ದಲ್ಲ, ಹಬ್ಬಕ್ಕೆ ಸಣ್ಣ ಲೋಟದಲ್ಲಿ ಕುಡಿಯುವುದು, ಇಗರ್ಜಿಯಲ್ಲಿ ಅಂದರೆ ನಮ್ಮ ದೇವಸ್ಥಾನದಲ್ಲಿ ಬಳಸುವುದು ಎಂದೆಲ್ಲ. ಆಕೆ ಕೇಳಿದಳು, ರೊಟ್ಟಿ ತಿರುವಿದಳು.

"ಕುಡಿಯೋದು ನಿಮ್ಮ ಮನಿ ವಿಚಾರ. ನನಗ ಅದು ಬ್ಯಾಡ, ನಿನಗ ಬೇಕು, ಅದರಾಗ ಜಗಳೇನೈತಿ? ಅವತ್ತು ನೀನು ಏನ್ ಮಾಡ್ದಿ ನೆನಸ್ಕೋ."

"ಕಾಲಿಟ್ಟೆ. ಹಣ್ಣಿನ ಮೇಲೆ ಕಾಲಿಟ್ಟದ್ದು ತಪ್ಪಾಯ್ತಾ?"

"ಕಣದಾಗ ಎತ್ತಿನ ಕಾಲಾಗ ನಾವು ಜೋಳ ತುಳಿಸ್ತಿದ್ದಿಲ್ಲೇನು? ಕಾಲಿಡದ ಕಾಳು ಬಿಚ್ಚತೈತೇನು?"

ಆಮೇಲೆ ಆಕೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ತೆನೆ ತುಳಿಸಲು ಹೊಲದಲ್ಲಿ ನೆಲ ಸಾರಿಸಿ ಮಾಡುವ ಅಂಗಳವೇ ಕಣ. ಅದರೊಳಗೆ ಚಪ್ಪಲಿ ಹಾಕಿ ಯಾರೂ ಹೋಗುವುದಿಲ್ಲ. ಮೊದಲು ಪೂಜೆ, ಆಮೇಲೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಆಮೇಲೆ ಕಾಲು. ಕಣದಲ್ಲಿ ಗಟ್ಟಿಯಾಗಿ ನಗಬಾರದು, ಹಾಳು ಮಾತು ಆಡಬಾರದು. ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನಬೇಕು. ಬೆಳೆದದ್ದು ಮನೆಗೆ ಬರುವ ಹೊತ್ತು ಅದು, ಬೇಜಾರಾಗಿ ವಾಪಸು ಹೋಗಬಾರದು. ಹೀಗಿರುವಾಗ ನಾವು ಏನು ಮಾಡಿದೆವು? ವರ್ಷದ ಮೊದಲ ಹಣ್ಣನ್ನು ದಡಬಡ ಸುರಿದು, ಮರಿಗೆಯ ಅಂಚಿಗೇ ಚಪ್ಪಲಿ ಬಿಟ್ಟು, ಬಟ್ಟೆ ಒಗೆಯುವವರ ಹಾಗೆ ಇಳಿದು, ಪಾದ್ರಿಯ ಹಿಂಭಾಗದ ಕಥೆ ಹೇಳಿ ಹಲ್ಲು ಕಿಸಿದೆವು. "ಅದನ್ನ ನೋಡ್ಕೋಂತ ನಿಂತ್ರ ಅದರ ಪಾಪ ನಮಗೂ ತಟ್ಟತೈತಿ ಅಂದ್ರು ಹುಡುಗ್ಯಾರು," ಎಂದಳು ಕೊಟ್ರಮ್ಮ.

ನನಗೆ ನಗು ಬರಬೇಕೋ ಅಳು ಬರಬೇಕೋ ಗೊತ್ತಾಗಲಿಲ್ಲ. ಮಾಂಯ್ ಅಂದು ನಸುಕಿನಲ್ಲೇ ಎದ್ದು ಪೂರ್ತಿ ತೇರ್ಸ, ಅಂದರೆ ಜಪಮಾಲೆ, ಹೇಳಿ ಮುಗಿಸಿಯೇ ಹೊರಬಂದಿದ್ದರು. ಒಳಕೋಣೆಯಲ್ಲಿ ಹೇಳಿದ್ದು, ಇವರಾರಿಗೂ ಕಂಡಿರಲಿಲ್ಲ. ನಗುವುದೂ ನಮ್ಮಲ್ಲಿ ಕ್ರಮವೇ. ಮುಖ ಗಂಟಿಕ್ಕಿ ತುಳಿದರೆ ರಸ ಒಗರಾಗುತ್ತದೆ ಎಂದು ಮಾಂಯ್ ಅವರ ಅಪ್ಪ ಹೇಳುತ್ತಿದ್ದರಂತೆ, ಅದಕ್ಕೇ ಆ ಪಾದ್ರಿಯ ಕಥೆ. ಇದನ್ನು ಕೊಟ್ರಮ್ಮನಿಗೆ ಹೇಳಿದೆ. ಹೇಳುತ್ತಾ ನನಗೂ ಸ್ವಲ್ಪ ಖಾರ ಬಂತು. "ರಸ್ತೆ ಮೇಲೆ ಹುರುಳಿ ಹರವಿ ಲಾರಿ ಹಾಯಿಸುತ್ತೀರಲ್ಲ ಕೊಟ್ರಮ್ಮಕ್ಕ, ಲಾರಿ ಡ್ರೈವರ್ ಯಾವ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ?"

"ನಮ್ಮ ಮನಿ ಹುರುಳಿ ನಾವು ರಸ್ತಿಗ ಹಾಕಂಗಿಲ್ಲ," ಎಂದಳು ಬಿರುಸಾಗಿ. ರೊಟ್ಟಿ ಒಂದು ಸುತ್ತು ತಿರುಗಿತು. "ಹೋದ ವರ್ಷ ಹಾಕಿದ್ವಿ. ಸುಳ್ಳು ಯಾಕ ಹೇಳ್ಲಿ."

ಇಬ್ಬರೂ ನಕ್ಕೆವು. ಆದರೆ ಆಕೆ ಬಿಟ್ಟುಕೊಡಲಿಲ್ಲ. ನಾಳೆ ಬರುತ್ತೇವೆ, ಮರಿಗೆಗೆ ಪೂಜೆ ಆಗಬೇಕು, ತುಳಿದಾಗಿದ್ದರೂ ಅದರ ಅಪ್ಪಣೆಯನ್ನೊಮ್ಮೆ ಕೇಳಿಕೊಳ್ಳಬೇಕು ಎಂದಳು. "ನೀನಲ್ಲ ತಂಗಿ. ನೀನು ಸೊಸಿ. ಅದು ಯಾರದೈತೋ ಅವ್ರು ಕೇಳ್ಬೇಕು. ನಿಮ್ಮತ್ತಿ."

ವಾಪಸು ಬರುವ ದಾರಿ ನಡೆದದ್ದಲ್ಲ, ಅರ್ಧ ಓಡಿದ್ದು. ಕೊಟ್ರಮ್ಮನನ್ನು ಒಪ್ಪಿಸುವುದು ಸುಲಭದ ಭಾಗವೆಂದು ನನಗೆ ಗೊತ್ತಿತ್ತು.

ಮಾಂಯ್ ಒಪ್ಪಲಿಲ್ಲ. ಮರಿಗೆಗೆ ಕುಂಕುಮ ಹಚ್ಚುವುದು, ಸಗಣಿ ತರುವುದು, ಅದೆಲ್ಲ ಆಗುವುದಿಲ್ಲ ಎಂದರು. "ನನ್ನ ದೇವರ ಹತ್ತಿರ ನಾನು ಕೇಳಿ ಆಗಿದೆ. ಇವರ ಎದುರು ಪುನಃ ಎಂತ ಕೇಳುವುದು?" ಸಿರಿಲ್‌ಗೆ ದೇವರ ಚಿಂತೆಯಿಲ್ಲ, ಸಗಣಿಯ ಚಿಂತೆ. ಭರಣಿಯ ಹತ್ತಿರ ಅದು ಬಂದರೆ ಹೆಪ್ಪು ಕೆಡುತ್ತದೆ ಎಂದ. ನಾನು ಇಬ್ಬರ ನಡುವೆ ಅಡುಗೆಮನೆಗೂ ಜಗಲಿಗೂ ಓಡಾಡಿದೆ. ಕಡೆಗೆ ಸಿಟ್ಟಿನಲ್ಲಿ, ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸದೆ ನಾವು ಬಾಯಿಗೆ ಹಾಕುತ್ತೇವಾ ಎಂದು ಕೇಳಿದೆ. ಮಾಂಯ್ ನನ್ನನ್ನೇ ನೋಡಿದರು. ದೀಪ ಆರಿಸಲು ಹೇಳಿದರು.

ಬೆಳಿಗ್ಗೆ ಹೆಂಗಸರು ಬಂದರು. ಸಿರಿಲ್ ಹೇಳಿದಂತೆ ಸಗಣಿ ಬೇವಿನ ಮರದಿಂದ ಈಚೆ ಬರಲಿಲ್ಲ. ಕೊಟ್ರಮ್ಮ ಅಲ್ಲೇ ನೆಲ ಸಾರಿಸಿ, ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿ, ಕಾಯಿ ಒಡೆದಳು. ಮರಿಗೆಯ ಅಂಚಿಗೆ ಒಂದು ಮೊಳ ಹಡಗಲಿ ಮಲ್ಲಿಗೆ ಇಟ್ಟಳು, ಕುಂಕುಮ ಹಚ್ಚಲಿಲ್ಲ. ನಾನು ಹೇಳಿರಲಿಲ್ಲ, ಆಕೆಗೇ ತೋಚಿರಬೇಕು. ಆಮೇಲೆ ಪಕ್ಕಕ್ಕೆ ಸರಿದು ಬಾಗಿಲ ಕಡೆ ನೋಡಿದಳು. ಎಲ್ಲರೂ ನೋಡಿದರು.

ಬಾಗಿಲು ಸ್ವಲ್ಪ ಹೊತ್ತು ಖಾಲಿಯೇ ಇತ್ತು. ಬುಟ್ಟಿ ಹಿಡಿದಿದ್ದ ಒಬ್ಬಳು ಅದನ್ನು ಕೆಳಗಿಟ್ಟಳು.

ಮಾಂಯ್ ಬಂದರು. ಮೊಣಕಾಲು ಬಗ್ಗದ ಹೆಂಗಸು, ಗೋಡೆ ಹಿಡಿದು ಹಿಡಿದು ಬಂದರು. ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟರು. ಮರಿಗೆಯ ಹತ್ತಿರ ನಿಂತು, ಬಗ್ಗಲಾರದೆ, ಕೊಟ್ರಮ್ಮನ ಭುಜದ ಮೇಲೆ ಒಂದು ಕೈಯಿಟ್ಟರು. ಇನ್ನೊಂದು ಕೈಯಿಂದ ಹಲಸಿನ ಅಂಚು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಂಡರು. ಅದೇ ಬೆರಳಿನಿಂದ ಹಣೆ, ಎದೆ, ಭುಜಗಳಿಗೆ ಶಿಲುಬೆ ಗುರುತು ಹಾಕಿಕೊಂಡರು. ಅಪ್ಪನ ಮರಿಗೆಯನ್ನು ಅಷ್ಟು ವರ್ಷಗಳಲ್ಲಿ ಅವರು ಹಾಗೆ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ.

"ಆತ್ರಿ," ಎಂದಳು ಕೊಟ್ರಮ್ಮ. ಅವರನ್ನು ಕುರ್ಚಿಗೆ ಕೂರಿಸಿದಳು. "ಇನ್ನ ಆ ಪಾದ್ರಿ ಕಥಿ ಹೇಳ್ರಿ. ಅವತ್ತು ಪೂರಾ ಕೇಳಲಿಲ್ಲ ನಾವು."

ಸೂರ್ಯ ನೆತ್ತಿಗೆ ಬರುವ ಮೊದಲು ಮೊದಲ ಸಾಲುಗಳು ಖಾಲಿಯಾಗುತ್ತಾ ಬಂದವು. ಮೊದಲ ಬುಟ್ಟಿ ತೂಕಕ್ಕೆ ಬಂದಾಗ ಯಾರೋ ಲಾಭ ಎಂದರು, ಸಿರಿಲ್ ಲೆಕ್ಕದಲ್ಲೂ ಹಾಗೇ ಬರೆದ. ಅದಾಗಿ ಎರಡು ದಿನ ಕೊಯ್ಲು ನಡೆಯಿತು, ಹೆಪ್ಪು ತೊಟ್ಟಿಗಳಿಗೆ ಇಳಿಯಿತು, ಎದ್ದಿತು. ಹಿಂಡಿ ಉಳಿದ ಸಿಪ್ಪೆಯನ್ನು ಮೈಲಪ್ಪ ಕುರಿಗಳಿಗೆ ಒಯ್ದ. ಮರುದಿನ ಬಂದು, ಟಗರು ತನ್ನ ಮಾತು ಕೇಳುತ್ತಿಲ್ಲ, ಥೇಟ್ ತನ್ನ ಭಾವನ ಹಾಗೆ ನಡೆಯುತ್ತಿದೆ ಎಂದು ದೂರು ಹೇಳಿದ.

ಇದೆಲ್ಲ ಆದ ಮೇಲೆ ನಾನು ಇಲ್ಲಿಯವಳಾದೆ ಎಂದು ಬರೆದರೆ ಸುಳ್ಳಾಗುತ್ತದೆ. ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬಕ್ಕೆ ಊರಿಗೆ ಬಂದಾಗ ನೀವೇ ನೋಡಿದಿರಿ, ಎರಡನೇ ದಿನಕ್ಕೇ ಮಳೆಯ ಸದ್ದು ನನಗೆ ಅತಿಯಾಗಿ ಹೊರಗೆ ಹೋಗಿ ನಿಂತೆ. ಅಕ್ಕನ ಮನೆಯ ಅಂಗಳದಲ್ಲಿ ನೀರು ಸುಮ್ಮನೆ ಹರಿದುಹೋಗುವುದನ್ನು ಕಂಡು, ಒಂದು ಬದು ಹಾಕಬಾರದಾ ಎಂದು ಬೈದೆ. ಇಲ್ಲಿಗೆ ವಾಪಸು ಬಂದರೆ ಮತ್ತೆ ಬೇಲಿಯ ಸುತ್ತು. ಸೂಟ್‌ಕೇಸ್ ಇನ್ನೂ ಅಲಮಾರಿನ ಮೇಲೆಯೇ ಇದೆ, ಈಗ ಅದರಲ್ಲಿ ಚಳಿಗಾಲದ ಹೊದಿಕೆಗಳಿವೆ, ಜೊತೆಗೆ ಊರಿಗೆಂದು ಎತ್ತಿಟ್ಟ ಎರಡು ಸೀರೆ.

ಮಾಂಯ್ ಆ ಮಳೆಗಾಲದಲ್ಲೇ ಊರಿಗೆ ಹೋದವರು ಮೊಣಕಾಲಿನ ಆಪರೇಶನ್ ಮಾಡಿಸಿಕೊಂಡು ಅಲ್ಲೇ ಉಳಿದರು. ಮರಿಗೆಯನ್ನು ಕೇಳಲಿಲ್ಲ.

ಈ ವರ್ಷ ತುಳಿಯುವ ದಿನ ವೀಡಿಯೋ ಕಾಲ್ ಮಾಡಿದೆ. ಚಪ್ಪಲಿ ಹೊಸ್ತಿಲಲ್ಲಿದೆಯಾ ಎಂದು ಕೇಳಿದರು, ತೋರಿಸಿದೆ. ಬೇವಿನ ಕೆಳಗಿನ ಪೂಜೆ ತೋರಿಸಿದೆ. ನಾನು ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿಯಲು ಸೀರೆ ಎತ್ತಿ ಕಟ್ಟುತ್ತಿದ್ದಾಗ ಕೊಟ್ರಮ್ಮ, "ನೀನು ಫೋನ್ ಹಿಡಿ," ಎಂದಳು. ಆಕೆ ಎರಡೂ ಕಾಲು ತಿಕ್ಕಿ ತೊಳೆದಳು. ಬಾಯಿಗೆ ಒಂದು ಹನಿ ಹಾಕಿಕೊಳ್ಳದವಳು, ಮರಿಗೆಗೆ ಇಳಿದಳು. "ಅಯ್ಯ, ಎಷ್ಟು ತಣ್ಣಗ ಐತಿ," ಎಂದಳು.

"ನಗುತ್ತಿದ್ದಾಳಾ?" ಎಂದು ಮಾಂಯ್ ಕೇಳಿದರು.

ನಾನು ಫೋನನ್ನು ಮರಿಗೆಯ ಕಡೆ ತಿರುಗಿಸಿ ಹಿಡಿದೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಫೋನಿನ ಆ ಕಡೆ, ಮಾಂಯ್ ಅವರ ಕಿಟಕಿಯಾಚೆ, ಮೀನಿನವನ ಸ್ಕೂಟರಿನ ಹಾರ್ನ್ ಊರಿನ ನಮ್ಮ ಮನೆಯ ಗೇಟಿನ ಹತ್ತಿರ ಬಂದು ನಿಂತಿತು.